ಮಗಳಿಗೊಂದು ಖೋಲಿ

ನಮ್ಮ ಮನೆಯವರು ನನ್ನನ್ನು ಕುಂಭಕರ್ಣನ ತಂಗಿ ಎಂದು ಚೇಷ್ಟೆ ಮಾಡುತ್ತಾರೆ. 'ಅಂದ್ರ ಶೂರ್ಪನಖಿ ಅಂದಂಗಾತಲ್ರಿ, ನನ್ನ ಮೂಗಿನ ಮ್ಯಾಲೆ ಕಣ್ಣೇನು?' ಎಂದು ನಾನೂ ಬಿಡುವುದಿಲ್ಲ. ಅವರ ಮಾತೇನೋ ನಿಜ. ದಿಂಬಿಗೆ ಕಿವಿ ತಾಗುವುದೊಂದೇ ತಡ, ನಾನು ಈ ಲೋಕದವಳಲ್ಲ. ಹುನಗುಂದದಿಂದ ಇಳಕಲ್ಲಿಗೆ ಬರುವ ಸಂಜೆಯ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತುಕೊಂಡೇ ನಿದ್ದೆ ಮಾಡಿದವಳು ನಾನು. ದಿನವಿಡೀ ಬ್ಯಾಂಕಿನ ಕಿಟಕಿಯ ಹಿಂದೆ ಕುಳಿತು ಜನರೊಂದಿಗೆ ಗಂಟಲು ಹರಿದುಕೊಳ್ಳುವವಳಿಗೆ ಅಷ್ಟು ನಿದ್ದೆಯೂ ಬೇಡವೇ?

ಈ ನಿದ್ದೆಯನ್ನು ನಾನು ಕಲಿತದ್ದು ಬಾದಾಮಿಯ ತವರುಮನೆಯ ಮಾಳಿಗೆಯ ಮೇಲೆ. ನಮ್ಮ ಮನೆ ಗುಡ್ಡಕ್ಕೆ ಬೆನ್ನು ಕೊಟ್ಟು ಕುಳಿತಿತ್ತು. ಬೇಸಿಗೆಯಲ್ಲಿ ಆ ಕೆಂಪು ಕಲ್ಲು ಹಗಲೆಲ್ಲ ಬಿಸಿಲು ಕುಡಿದು, ಸಂಜೆಗೆ ಅದನ್ನೆಲ್ಲ ನಮ್ಮ ಮೇಲೆ ಉಸಿರುಬಿಡುತ್ತಿತ್ತು. ಒಳಗೆ ಮಲಗುವ ಮಾತೇ ಇರಲಿಲ್ಲ. ಹೊತ್ತು ಮುಳುಗಿದ ಮೇಲೆ ಮಾಳಿಗೆಗೆ ನೀರು ಚಿಮುಕಿಸಿ, ಆರಿದ ಮೇಲೆ ಜಮಖಾನೆ ಹಾಸುತ್ತಿದ್ದೆವು. ಒಂದು ತುದಿಗೆ ಅಜ್ಜಿ, ಆಮೇಲೆ ಅವ್ವ, ಸೋದರತ್ತೆಯರು, ನಡುವೆ ಮಕ್ಕಳೆಲ್ಲ, ಮೆಟ್ಟಿಲ ಬಳಿಯ ತುದಿಗೆ ಅಪ್ಪ. ಮಾತು ಅಜ್ಜಿಯ ತುದಿಯಿಂದ ಹೊರಟರೆ ಅಪ್ಪನ ತುದಿ ಮುಟ್ಟುವಷ್ಟರಲ್ಲಿ ಬೇರೆಯದೇ ಆಗಿರುತ್ತಿತ್ತು. ಅಲ್ಲಿ ಎಮ್ಮೆ ಈದ ಸುದ್ದಿ ಶುರುವಾದರೆ, ನನ್ನ ಹತ್ತಿರ ಬರುವ ಹೊತ್ತಿಗೆ ಯಾರದೋ ಮದುವೆ ಮುರಿದಿರುತ್ತಿತ್ತು. ನಡುವೆ ನಾನು ನಿದ್ದೆಗೆ ಜಾರಿರುತ್ತಿದ್ದೆ. ಎಮ್ಮೆಗೂ ಮದುವೆಗೂ ಏನು ಸಂಬಂಧ ಎಂದು ಬೆಳಿಗ್ಗೆ ಕೇಳಿದರೆ ಎಲ್ಲರೂ ನಗುತ್ತಿದ್ದರು.

ಹೀಗಾಗಿ ಆ ಕಾಲದ ನನ್ನ ನೆನಪುಗಳಲ್ಲಿ ಯಾವುದು ಕಂಡದ್ದು, ಯಾವುದು ಕೇಳಿದ್ದು, ಯಾವುದು ಕನಸು ಎಂದು ಬಿಡಿಸಲು ಬರುವುದಿಲ್ಲ. ಗುಡ್ಡದ ಅಂಚಿನಿಂದ ಬಿಳಿಯ ಆನೆಯೊಂದು ನಿಧಾನಕ್ಕೆ ಇಳಿದು ಬಂದು ಅಗಸ್ತ್ಯ ತೀರ್ಥದ ನೀರು ಕುಡಿದದ್ದು ನನಗೆ ಚೆನ್ನಾಗಿ ನೆನಪಿದೆ. ಅದು ಸೊಂಡಿಲು ಎತ್ತಿದಾಗ ಚಂದ್ರನ ಬೆಳಕು ನೀರಿನೊಂದಿಗೆ ತೊಟ್ಟಿಕ್ಕಿತ್ತು. ಬಾದಾಮಿಯಲ್ಲಿ ಮಂಗ್ಯಾಗಳಿಗೆ ಬರವಿಲ್ಲ, ಆದರೆ ಆನೆ ಎಲ್ಲಿಂದ ಬರಬೇಕು? ಹೋದ ವರ್ಷ ತಮ್ಮನ ಮುಂದೆ ಅಂಜುತ್ತಲೇ ಅದನ್ನು ಹೇಳಿದೆ. ಅವನು ಚಹಾದ ಕಪ್ಪು ಕೆಳಗಿಟ್ಟು, 'ಅಕ್ಕಾ, ಅದು ನನಗೂ ನೆನಪೈತಲ್ಲ' ಅಂದ. ಇಬ್ಬರಿಗೂ ಒಂದೇ ಕನಸು ಬಿದ್ದಿತ್ತೋ, ಅಜ್ಜಿ ಹೇಳಿದ ಯಾವುದೋ ಕತೆಯನ್ನು ಇಬ್ಬರೂ ಅರೆನಿದ್ದೆಯಲ್ಲಿ ನೋಡಿದ್ದೆವೋ, ಯಾರಿಗೆ ಗೊತ್ತು.

ಮದುವೆಯಾಗಿ ಇಳಕಲ್ಲಿಗೆ ಬಂದೆ. ಇಲ್ಲಿ ಎಲ್ಲರೂ ಮಲಗುವುದಕ್ಕೆ ಮಾಳಿಗೆಯ ಬದಲು ಪಡಸಾಲೆ. ಮನೆಯವರದು ಸೀರೆ ಅಂಗಡಿ. ಪಕ್ಕದ ಮನೆಯಲ್ಲಿ ತಲೆಮಾರುಗಳಿಂದ ನೇಯ್ಗೆ ಮಾಡುವ ಮುಸಲ್ಮಾನ ಕುಟುಂಬ. ಆ ಮನೆಯ ಯಜಮಾನಿಯನ್ನು ನಾವೆಲ್ಲ ಖಾಲಾ ಎನ್ನುತ್ತೇವೆ. ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವ ಅವರ ಕುಣಿಮಗ್ಗದ ಸದ್ದು ನಮ್ಮ ಗೋಡೆಯನ್ನು ದಾಟಿ ಪಡಸಾಲೆಗೆ ಬರುತ್ತದೆ. ಮಗಳು ಹುಟ್ಟಿದ ಮೇಲೆ ಆ ಸದ್ದೇ ಅವಳಿಗೆ ಜೋಗುಳವಾಯಿತು. ಮಗ್ಗ ನಡೆಯುವವರೆಗೂ ತೊಟ್ಟಿಲಲ್ಲಿ ಗಪ್ ಚುಪ್ಪಾಗಿ ಮಲಗಿರುತ್ತಿದ್ದಳು. ಖಾಲಾ ಎಲೆಅಡಿಕೆಗೆಂದು ಎದ್ದರೆ ಇವಳೂ ಎದ್ದು ರಾಗ ತೆಗೆಯುತ್ತಿದ್ದಳು. 'ನನಗ ಎಲಿ ತಿನ್ನಾಕ ಬಿಡವಲ್ಲದು ನೋಡ್ರಿ ನಿಮ್ಮ ಕೂಸು' ಎಂದು ಖಾಲಾ ಗೋಡೆಯ ಆಚೆಯಿಂದಲೇ ಬಯ್ಯುತ್ತಿದ್ದರು.

ಮಗಳಿಗೆ ಐದು ತುಂಬಿದ ವರ್ಷ ಬಾಗಲಕೋಟೆಯ ನವನಗರಕ್ಕೆ ನಾದಿನಿಯ ಮನೆಗೆ ಹೋಗಿದ್ದೆವು. ಹಳೆಯ ಊರು ಅಣೆಕಟ್ಟಿನ ಹಿನ್ನೀರಿಗೆ ಹೋದ ಮೇಲೆ ಕಟ್ಟಿದ ಮನೆ ಅದು. ರಸ್ತೆ ನೇರ, ಮನೆ ನೇರ, ಎಲ್ಲದಕ್ಕೂ ನಂಬರು. ಒಳಗೆ ಅವಳ ಮಕ್ಕಳಿಗೆಂದೇ ಬೇರೆ ಖೋಲಿ, ಗೋಡೆಯ ಮೇಲೆ ಅವರದೇ ಟಿವಿ. ಊಟವಾದ ಕೂಡಲೇ ಹುಡುಗರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮತ್ತೆ ಅವರ ಉಸಿರು ಕೂಡ ಕೇಳಲಿಲ್ಲ. ನಮ್ಮನೆಯವರಿಗೆ ಅದು ಭಾಳ ಹಿಡಿಸಿತು. 'ಎಷ್ಟ್ ಶಾಂತ ಅದಾವ ನೋಡು ಹುಡುಗರು' ಎಂದು ದಾರಿಯುದ್ದಕ್ಕೂ ಅಂದರು. ಖರೆ ಹೇಳಬೇಕೆಂದರೆ ನನಗೂ ಆಸೆಯಾಗಿತ್ತು. ಆಗ ನಮ್ಮ ಮನೆಯ ಮೇಲಂತಸ್ತು ಕಟ್ಟಿಸುತ್ತಿದ್ದೆವು.

ಕೂಸು ಹುಟ್ಟುವ ಮೊದಲೇ ಕುಲಾವಿ ಎಂಬಂತೆ, ಖೋಲಿಗೆ ಬಾಗಿಲು ಕೂಡಿಸುವ ಮೊದಲೇ ಟಿವಿ ಬಂದು ಪಡಸಾಲೆಯಲ್ಲಿ ಕುಳಿತಿತು. ಗೋಡೆಗೆ ಗುಲಾಬಿ ಬಣ್ಣ ಹೊಡೆಸಿದೆವು. ಕತ್ತಲಲ್ಲಿ ಹೊಳೆಯುವ ಪ್ಲಾಸ್ಟಿಕ್ ಚಿಕ್ಕಿಗಳನ್ನು ತಂದು ಛತ್ತಿಗೆ ಅಂಟಿಸಿದವಳು ನಾನೇ. ಅತ್ತೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಾಗಿಲಲ್ಲಿ ನಿಂತು ನೋಡಿದರು.

'ಇಷ್ಟುದ್ದ ಕೂಸಿಗೆ ಒಂದ್ ಖೋಲಿ ಯಾಕವಾ? ಮನಿ ಏನು, ಲಾಡ್ಜ್ ಏನಿದು?'

'ಈಗಿನ ಮಕ್ಕಳು ಸ್ವತಂತ್ರ ಬೆಳೀಬೇಕ್ರಿ ಅತ್ತಿ' ಅಂದೆ. ಎಲ್ಲೋ ಕೇಳಿದ ಮಾತು, ಬಾಯಲ್ಲಿ ಚಂದ ಅನಿಸಿತ್ತು.

ಮೊದಮೊದಲು ಎಲ್ಲ ಸುಖವೇ. ಬಸ್ಸಿಳಿದು ಬಂದರೆ ಮಗಳು ಮೇಲೆ ಟಿವಿಯ ಮುಂದೆ. ನಾನು ಯಾರ ಕಾಟವೂ ಇಲ್ಲದೆ ರೊಟ್ಟಿ ಬಡಿಯುತ್ತಿದ್ದೆ. ತಟ್ಟೆಯೂ ಮೇಲೆಯೇ ಹೋಗುತ್ತಿತ್ತು. ರಾತ್ರಿ ನಾನೇ ಹೋಗಿ ಹೊದಿಸಿ, ದೀಪ ಆರಿಸಿ, 'ಇನ್ನ ಸ್ವಲ್ಪ ನೋಡಿ ಬಂದ್ ಮಾಡ್ಕೋ' ಎಂದು ಹೇಳಿ ಕೆಳಗೆ ಬರುತ್ತಿದ್ದೆ. ಬಂದು ಮಲಗಿದರೆ ಕುಂಭಕರ್ಣನ ತಂಗಿಗೆ ಬೆಳಗಾದಾಗಲೇ ಎಚ್ಚರ.

ಏನು ಕಳೆದಿದೆ ಎಂದು ಗೊತ್ತಾಗಲು ನನಗೆ ತಡವಾಯಿತು. ಮೊದಲು ಹೋದದ್ದು ಅವಳ ಪ್ರಶ್ನೆಗಳು. ಹಿಂದೆಲ್ಲ ನಾನು ಒಲೆಯ ಮುಂದೆ ಕುಳಿತರೆ ಬೆನ್ನಿಗೆ ಜೋತುಬಿದ್ದು, 'ಮಮ್ಮಿ, ರೊಟ್ಟಿ ಯಾಕ ಉಬ್ಬತೈತಿ? ಅದರ ಹೊಟ್ಟ್ಯಾಗ ಯಾರ ಅದಾರ?' ಎಂದು ತಲೆ ತಿನ್ನುತ್ತಿದ್ದಳು. ಒಂದು ಸಂಜೆ ಹೆಂಚಿನ ಮೇಲೆ ರೊಟ್ಟಿ ಉಬ್ಬಿದಾಗ ಯಾರೂ ಏನೂ ಕೇಳಲಿಲ್ಲ. ಬೆನ್ನು ಬರಿದೆನಿಸಿತು. ಆಮೇಲೆ ಅವಳ ಮಾತೇ ಕಡಿಮೆಯಾಯಿತು. ಕರೆದರೆ ತಿರುಗುತ್ತಿದ್ದಳು, ಆದರೆ ಅವಳ ಕಣ್ಣು ನನ್ನ ಮುಖ ದಾಟಿ ಹೆಗಲ ಹಿಂದೆ ಎಲ್ಲೋ ನಿಲ್ಲುತ್ತಿತ್ತು. ಏನು ಬೇಕೆಂದರೆ ಕಾರ್ಟೂನಿನ ಹಿಂದಿಯಲ್ಲಿ ಒಂದೆರಡು ಶಬ್ದ, ಅದೂ ಬೊಂಬೆಯ ದನಿಯಲ್ಲಿ. ಖಾಲಾ ಬಣ್ಣದ ನೂಲು ತೋರಿಸಿ ಕರೆದರೂ ಮಗ್ಗದ ಹತ್ತಿರ ಹೋಗಲೊಲ್ಲಳು. ಕ್ಲಾಸಿನಲ್ಲಿ ಡೆಸ್ಕಿಗೆ ತಲೆಯಿಟ್ಟು ನಿದ್ದೆ ಮಾಡುತ್ತಾಳೆ, ಪಕ್ಕದ ಹುಡುಗಿ ಮಾತಾಡಿಸಿದರೆ ಅಳುತ್ತಾಳೆ ಎಂದು ಸಾಲಿಯಿಂದ ಹೇಳಿಕಳಿಸಿದರು. ಹಗಲಲ್ಲೂ ಬಚ್ಚಲಿಗೆ ಒಬ್ಬಳೇ ಹೋಗಲು ಅಂಜುತ್ತಿದ್ದಳು. ನನ್ನ ಮಗಳು ನನ್ನ ಕಣ್ಣೆದುರೇ ಸ್ವಲ್ಪಸ್ವಲ್ಪವಾಗಿ ಎಲ್ಲಿಗೋ ಹೋಗುತ್ತಿದ್ದಾಳೆ, ನಾನು ಹಿಡಿದುಕೊಳ್ಳಬೇಕು, ಆದರೆ ಎಲ್ಲಿ ಹಿಡಿಯಬೇಕೋ ತಿಳಿಯುತ್ತಿರಲಿಲ್ಲ. ಬ್ಯಾಂಕಿನಲ್ಲಿ ನೋಟು ಎಣಿಸುತ್ತ ಕಣ್ಣು ತುಂಬಿ ಬಂದು, ಮತ್ತೆ ಮೊದಲಿನಿಂದ ಎಣಿಸಿದ್ದೇನೆ.

ಅತ್ತೆ ನಸುಕಿನಲ್ಲಿ ಲಿಂಗಪೂಜೆಗೆ ಹೂವು ಕೊಯ್ಯಲು ಮಾಳಿಗೆಯ ಕುಂಡಗಳ ಹತ್ತಿರ ಹೋಗುತ್ತಾರೆ. ಒಂದು ದಿನ ಹೂವಿಲ್ಲದೆ ಬುಟ್ಟಿ ಹಿಡಿದು ಕೆಳಗಿಳಿದು ಬಂದರು. ಮುಖ ಬಿಳಿಚಿತ್ತು.

'ಏಳವಾ, ಏಳ ಲಗೂನ. ಕೂಸಿನ ಬಾಯಾಗ ಬ್ಯಾರೆ ಯಾರೋ ಮಾತಾಡಾಕತ್ತಾರ.'

ನಾನು ಎದ್ದು ಮೇಲೆ ಓಡಿದೆ. ಖೋಲಿಯಲ್ಲಿ ಟಿವಿ ಹತ್ತಿಯೇ ಇತ್ತು. ಸದ್ದು ಬಹಳ ಸಣ್ಣಗೆ. ಯಾವುದೋ ದೇಶದ ಬೊಂಬೆಗಳು ತಮ್ಮ ಭಾಷೆಯಲ್ಲಿ ಮಾತಾಡುತ್ತ, ಒಂದಾದ ಮೇಲೊಂದು ತಾವೇ ಬರುತ್ತ ಹೋಗುತ್ತ ಇದ್ದವು. ನೀಲಿ ಬೆಳಕು ಮಗಳ ಕೆನ್ನೆಯ ಮೇಲೆ ನೀರಿನಂತೆ ಅಲುಗುತ್ತಿತ್ತು. ಅವಳು ಮಲಗಿದ್ದಳು, ತುಟಿಗಳು ಮಾತ್ರ ಎಚ್ಚರವಿದ್ದವು. ಅವೇ ಶಬ್ದಗಳು, ಅದೇ ರಾಗ. ಹೊರಗೆ ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ನೋಡುತ್ತ ನಿಂತ ನನಗೆ ನಾನೇ ಯಾರದೋ ಕನಸಿನೊಳಗೆ ಕಾಲಿಟ್ಟಂತಾಗಿ, ಟಿವಿ ಆರಿಸುವುದೂ ಮರೆತುಹೋಯಿತು. ಎಷ್ಟು ದಿನಗಳಿಂದ ಅದು ಹೀಗೆ ಬೆಳತನಕ ಉರಿಯುತ್ತಿತ್ತೋ ಶಿವನೇ ಬಲ್ಲ.

'ಅತ್ತಿ, ಇದು ಗಾಳಿ ಅಲ್ರಿ, ಟಿವಿ' ಅಂದೆ, ಕೆಳಗೆ ಬಂದು.

'ಟಿವಿ ಅಂದ್ರೂ ಗಾಳ್ಯಾಗಿಂದ ಬರೂದ ಅಲ್ಲೇನ? ತಂತಿ ಇಲ್ಲ, ಏನಿಲ್ಲ, ಹೆಂಗ ಬರ್ತೈತಿ ಮತ್ತ?'

ಬ್ಯಾಂಕಿನಲ್ಲಿ ಎಂಥೆಂಥವರಿಗೂ ಉತ್ತರ ಕೊಟ್ಟವಳು ನಾನು. ಅತ್ತೆಯ ಕೈಯ ಬುಟ್ಟಿ ಇಸಿದುಕೊಂಡು ಹೂವು ಕೊಯ್ಯಲು ಮಾಳಿಗೆ ಹತ್ತಿದೆ.

ಅವತ್ತೇ ರಿಮೋಟ್ ಬಚ್ಚಿಟ್ಟೆ. ಮಗಳು ನೆಲಕ್ಕೆ ಬಿದ್ದು ಕೂಗಿದ ಕೂಗಿಗೆ ಓಣಿಯೆಲ್ಲ ಬಾಗಿಲಿಗೆ ಬಂತು. ಉಸಿರು ಕಟ್ಟಿ ನೀಲಿಯಾದಾಗ ನಮ್ಮನೆಯವರೇ ರಿಮೋಟ್ ಹುಡುಕಿ ತಂದು ಅವಳ ಮುಷ್ಟಿಗಿಟ್ಟರು. ನಾನು ಅವರ ಮೇಲೆ ಹರಿಹಾಯ್ದೆ, ಅವರು ನನ್ನ ಮೇಲೆ. ಮಗಳು ಅಷ್ಟರಲ್ಲಿ ಕಣ್ಣೊರೆಸಿಕೊಂಡು ಮೆಟ್ಟಿಲು ಹತ್ತಿ ಹೋಗಿದ್ದಳು.

ಬಾಗಲಕೋಟೆಯ ಮಕ್ಕಳ ಡಾಕ್ಟರರ ಬಳಿ ಕರೆದುಕೊಂಡು ಹೋದೆವು. ಅವರು ಕಿವಿ ನೋಡಿದರು, ಕಣ್ಣು ನೋಡಿದರು, ಅವಳನ್ನು ಮಾತಾಡಿಸಲು ನೋಡಿದರು. ಆಮೇಲೆ ನಮ್ಮತ್ತ ತಿರುಗಿ, 'ಕೂಸು ಮಲಗೂ ಖೋಲ್ಯಾಗ ಟಿವಿ ಐತೇನ್ರಿ?' ಎಂದರು. ಐತ್ರಿ ಎಂದು ನಾನೇ ಒಪ್ಪಿಕೊಂಡೆ.

'ಮೊದಲ ಅದನ್ನ ಅಲ್ಲಿಂದ ತಗೀರಿ. ನಿದ್ದಿ ಅರ್ಧ ಆದ್ರ ಮಕ್ಕಳ ತಲಿ ಹಗಲೆಲ್ಲಾ ಮಂಕ ಆಗಿರತೈತಿ. ಮಾತು ಅವು ಮಂದಿ ಮುಖಾ ನೋಡಿ ಕಲೀತಾವ್ರಿ. ಟಿವಿ ತಾನಷ್ಟ ಮಾತಾಡತೈತಿ, ಕೂಸು ಹೇಳಿದ್ದ ಕೇಳಂಗಿಲ್ಲ.'

ಬರುವಾಗ ಕಮತಗಿಯಲ್ಲಿ ಬಸ್ಸು ನಿಂತಿತು. ಮಗಳು ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಕೂಸಿಗೆ ಖೋಲಿ ಯಾಕೆಂದು ಅತ್ತೆ ಬಾಗಿಲಲ್ಲಿ ನಿಂತು ಅಂದಿದ್ದರು, ಅಂಥದೇ ಮಾತು ಕೇಳಲು ನಾವು ಬಾಗಲಕೋಟೆಯವರೆಗೆ ಹೋಗಿ ಬಂದಿದ್ದೆವು. ಆದರೆ ತೆಗೆಯುವುದು ಹೇಗೆ? ಮತ್ತೆ ಆ ಕೂಗು, ಮತ್ತೆ ಆ ನೀಲಿ ತುಟಿ. ಇಳಕಲ್ ಬರುವವರೆಗೂ ಇಬ್ಬರೂ ಅದನ್ನೇ ಯೋಚಿಸುತ್ತಿದ್ದೆವು.

ಮನೆಯಲ್ಲಿ ಅತ್ತೆ ಮತ್ತು ಖಾಲಾ ಕಟ್ಟೆಯ ಮೇಲೆ ಕುಳಿತು ತಮ್ಮದೇ ಒಂದು ತೀರ್ಮಾನ ಮಾಡಿಟ್ಟಿದ್ದರು.

'ಡಾಕ್ಟರ್ ಹೇಳಿದ್ದ ಮಾಡ್ರಿ, ಬ್ಯಾಡ ಅನ್ನಂಗಿಲ್ಲ' ಅಂದರು ಅತ್ತೆ. 'ಆದ್ರ ನಾಳಿಯಿಂದ ಸಂಜೀಕ ಮಸೂತಿಗೆ ಹೋಗಿ ಊದಿಸ್ಕೊಂಡ ಬರೂದು. ನಿನ್ನ ಗಂಡ ಸಣ್ಣಾಂವ ಇದ್ದಾಗ ಅಂಜಿದ್ದ, ಅವಂಗೂ ಊದಿಸಿದ್ನಿ.'

ನನಗೆ ಸಿಟ್ಟು ನೆತ್ತಿಗೇರಿತು. ಓದಿದವಳು, ಬ್ಯಾಂಕಿನವಳು, ಟಿವಿಯ ರೋಗಕ್ಕೆ ಮಸೂತಿಯ ಮುಂದೆ ಹೋಗಿ ನಿಲ್ಲಬೇಕೇ? ಯಾರಾದರೂ ಗ್ರಾಹಕರು ನೋಡಿದರೆ? ಆದರೆ ಮುಳುಗುವವಳಿಗೆ ಹುಲ್ಲುಕಡ್ಡಿ. ಮರುದಿನ ಬಸ್ಸಿಳಿದವಳು ಚಹಾ ಕೂಡ ಕುಡಿಯದೆ ಅವರ ಹಿಂದೆ ಹೊರಟೆ. ಮಗಳು ಟಿವಿ ಬಿಟ್ಟು ಬಂದದ್ದು ಹೇಗೆಂದರೆ, ಖಾಲಾ ಅವಳ ಕೈಗೆ ನೀರು ತುಂಬಿದ ತಾಮ್ರದ ತಂಬಿಗೆ ಕೊಟ್ಟು, 'ಒಂದ್ ಹನಿ ಚೆಲ್ಲಬಾರದು ನೋಡು ಬೇಟಾ, ನೀನ ಹಿಡ್ಕೋಬೇಕು' ಅಂದಿದ್ದರು. ತುಳುಕುವ ನೀರಿನ ಮೇಲೆ ಕಣ್ಣಿಟ್ಟು ಅವಳು ಹೆಜ್ಜೆಯ ಮೇಲೆ ಹೆಜ್ಜೆಯಿಡುತ್ತ ಓಣಿಯಲ್ಲಿ ನಡೆದಳು. ಎಷ್ಟೋ ದಿನಗಳ ಮೇಲೆ ಅವಳ ಕಣ್ಣು ಒಂದು ಕಡೆ ನಿಂತದ್ದನ್ನು ನಾನು ನೋಡಿದೆ.

ಎರಡು ಓಣಿ ದಾಟಿದರೆ ಮಸೂತಿ. ಬಾಗಿಲ ಹೊರಗೆ ಆಗಲೇ ಕೆಲವು ಹೆಣ್ಣುಮಕ್ಕಳು ನಿಂತಿದ್ದರು. ಕಂಕುಳಲ್ಲಿ ಕೂಸು, ಕೈಯಲ್ಲಿ ನೀರು. ಹಣೆಗೆ ವಿಭೂತಿ ಇದ್ದವರೂ ಇದ್ದರು, ಕುಂಕುಮದವರೂ ಇದ್ದರು, ಬುರ್ಖಾದವರೂ ಇದ್ದರು. ನಮ್ಮ ಕಡೆ ಇದು ಯಾರಿಗೂ ಹೊಸದಲ್ಲ. ಹೊತ್ತು ಮುಳುಗಿ ಆಕಾಶ ಇಳಕಲ್ ಸೀರೆಯ ಕೆಂಪು ಸೆರಗಿನ ಬಣ್ಣಕ್ಕೆ ತಿರುಗಿತ್ತು. ಸಂಜೆಯ ನಮಾಜು ಮುಗಿದು ಮಂದಿ ಒಬ್ಬೊಬ್ಬರಾಗಿ ಹೊರಗೆ ಬರತೊಡಗಿದರು. ಚಪ್ಪಲಿ ಮೆಟ್ಟುವ ಮೊದಲು ಒಂದು ಗಳಿಗೆ ನಿಂತು, ಬಾಯೊಳಗೇ ಏನೋ ಅಂದುಕೊಂಡು, ಪ್ರತಿಯೊಂದು ಮಗುವಿನ ಮುಖಕ್ಕೆ ಮೆಲ್ಲಗೆ ಊದಿದರು. ಕೆಲವರು ನೀರಿಗೂ ಊದಿದರು. ಯಾರೂ ಹೆಸರು ಕೇಳಲಿಲ್ಲ, ರೋಗ ಕೇಳಲಿಲ್ಲ. ಬಿಳಿ ಗಡ್ಡದ ಮುದುಕರು, ಗ್ಯಾರೇಜಿನ ಎಣ್ಣೆ ಕೈಯ ಹುಡುಗರು, ಹಣ್ಣಿನ ಗಾಡಿಯವರು. ಒಂದೊಂದು ಉಸಿರಿಗೂ ಮಗಳ ಹಣೆಯ ಕೂದಲು ಅಲುಗುತ್ತಿತ್ತು. ಅವಳು ಮೊದಲು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು. ಆಮೇಲೆ ಒಂದೇ ಕಣ್ಣು ತೆರೆದಳು. ಆಮೇಲೆ ಎರಡೂ ತೆರೆದು, ಬಗ್ಗಿ ಬರುವ ಒಂದೊಂದು ಮುಖವನ್ನೂ ನೋಡತೊಡಗಿದಳು. ಸಂಜೆಗತ್ತಲಲ್ಲಿ ಅಷ್ಟೊಂದು ಮುಖಗಳು ಹತ್ತಿರ ಬಂದು, ಉಸಿರು ಬಿಟ್ಟು, ದೂರವಾಗುತ್ತಿದ್ದವು. ಪಕ್ಕದಲ್ಲಿ ನಿಂತ ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಕಣ್ಣು ತನ್ನಷ್ಟಕ್ಕೆ ತಾನೇ ಒದ್ದೆಯಾಗಿತ್ತು.

ಬರುವಾಗ ಅತ್ತೆ ಇನ್ನೊಂದು ನಿಯಮ ಹೇಳಿದರು. 'ಊದಿಸ್ಕೊಂಡ ಕೂಸು ಮಾಳಿಗಿ ಹತ್ತಬಾರದು. ಆಯಿ ಮಗ್ಗಲಾಗ, ಅಂದ್ರ ನನ್ನ ಹತ್ರ ಮಲಗಬೇಕು.'

'ಹಂಗ ಎಲ್ಲೈತ್ರಿ?' ಎಂದು ಖಾಲಾರನ್ನು ಕೇಳಿದೆ.

ಖಾಲಾ ಅತ್ತೆಯ ಮುಖ ನೋಡಿದರು. 'ಐತಲ್ಲ, ಐತಿ. ಭಾಳ ಹಳೇ ಪದ್ಧತಿ' ಅಂದರು. ಇಬ್ಬರೂ ಸೇರಿ ಆಗಲೇ ಕಟ್ಟೆಯ ಮೇಲೆ ಹೆಣೆದ ಪದ್ಧತಿ ಎಂದು ನನಗೆ ತಿಳಿಯದ್ದೇನಲ್ಲ. ಮನೆಗೆ ಬಂದು ಅವಳ ದಿಂಬನ್ನು ಪಡಸಾಲೆಗೆ ತಂದಿಟ್ಟೆ.

ದಿನವೂ ಹೋದೆವು. ಮಗಳ ಕಾರ್ಟೂನಿನ ಹೊತ್ತೆಲ್ಲ ತಂಬಿಗೆ ಹಿಡಿದು ನಡೆಯುವುದರಲ್ಲಿ, ಬರುತ್ತ ಖಾಲಾರ ಮನೆಯಲ್ಲಿ ಉಂಡೆ ತಿಂದು ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂರುವುದರಲ್ಲಿ ಕಳೆಯುತ್ತಿತ್ತು. ಮೊದಲ ಕೆಲವು ದಿನ ಅತ್ತಳು, ಮೇಲೆ ಹೋಗಲು ಹಟ ಹಿಡಿದಳು. ಅತ್ತೆ ಪಡಸಾಲೆಯಲ್ಲಿ ಅವಳನ್ನು ಮಗ್ಗುಲಿಗೆ ಎಳೆದುಕೊಂಡು, ಬೆನ್ನು ತಟ್ಟುತ್ತ, ಸಂತೆಯ ಸುದ್ದಿಯನ್ನೇ ಕತೆ ಮಾಡಿ ಹೇಳುತ್ತಿದ್ದರು. ಬದನೆಕಾಯಿಗೂ ಮೆಣಸಿನಕಾಯಿಗೂ ಜಗಳ ಹತ್ತಿ, ಸೌತೆಕಾಯಿ ಪಂಚನಾಗಿ ಬಂದ ಕತೆ ಅವಳಿಗಿಂತ ಮೊದಲು ನನಗೇ ನಿದ್ದೆ ತರಿಸುತ್ತಿತ್ತು. ಕ್ರಮೇಣ ಮಗಳ ಕಣ್ಣ ಕೆಳಗಿನ ಕಪ್ಪು ತಿಳಿಯಾಯಿತು. ಸಾಲಿಯಿಂದ ದೂರು ಬರುವುದು ನಿಂತಿತು. ಒಂದು ಸಂಜೆ ದಾರಿಯಲ್ಲಿ ತಟ್ಟನೆ ನಿಂತು, 'ಮಮ್ಮಿ, ಅವರು ಊದಿದ ಉಸಿರು ಎಲ್ಲಿ ಹೋಗತೈತಿ? ನನ್ನ ಹೊಟ್ಟ್ಯಾಗೋ, ಆಕಾಶದಾಗೋ?' ಎಂದಳು. ನಾನು ನಡುರಸ್ತೆಯಲ್ಲಿ ಕುಕ್ಕರುಗಾಲಲ್ಲಿ ಕುಳಿತು ಅವಳನ್ನು ತಬ್ಬಿಕೊಂಡೆ. ಹಿಂದೆ ಬಂದ ಆಟೋದವನು, 'ಅಕ್ಕಾರ, ದಾರಿ ಬಿಡ್ರಿ' ಎಂದು ಕೂಗಿದ. ಕೂಗಲಿ ಬಿಡು ಅನಿಸಿತು.

ಯಾವುದರಿಂದ ಗುಣವಾಯಿತು ಎಂದು ಮನೆಯಲ್ಲಿ ಇನ್ನೂ ವಾದವಿದೆ. ಊದಿಸಿದ್ದರಿಂದ ಎಂದು ಅತ್ತೆ. ಟಿವಿ ಬಂದಾದದ್ದರಿಂದ ಎಂದು ನಾನು. ತಾನು ಕುಡಿಸಿದ ಟಾನಿಕ್ಕಿನಿಂದ ಎಂದು ನಮ್ಮನೆಯವರು. ಡಾಕ್ಟರರು ಟಾನಿಕ್ಕು ಬರೆದೇ ಕೊಟ್ಟಿರಲಿಲ್ಲ ಎಂಬುದು ಬೇರೆ ಮಾತು.

ಅದಾಗಿ ಒಂದು ರವಿವಾರ ಮಧ್ಯಾಹ್ನ. ಟಿವಿ ಇನ್ನೂ ಮೇಲಿನ ಖೋಲಿಯ ಗೋಡೆಯ ಮೇಲೆಯೇ ಇತ್ತು, ಕರೆಂಟಿನ ವೈರು ಮಾತ್ರ ಕಿತ್ತಿಟ್ಟಿದ್ದೆವು. ಅದನ್ನು ಬಿಚ್ಚಿ ಅಂಗಡಿಗೆ ಒಯ್ಯುತ್ತೇನೆಂದು ನಮ್ಮನೆಯವರು ಸ್ಕ್ರೂಡ್ರೈವರ್ ಹಿಡಿದು ಕುರ್ಚಿ ಹತ್ತಿದರು. ನಾನು ಕೆಳಗೆ ಕುರ್ಚಿ ಹಿಡಿದುಕೊಂಡಿದ್ದೆ.

'ಇದೊಂದ್ ತಗದ್ರ ಮುಗೀತು. ಆಕಿ ಮತ್ತ ಆರಾಮ ತನ್ನ ಖೋಲ್ಯಾಗ ಮಲಗಬಹುದು' ಅಂದರು.

ಮಗಳು ಯಾವಾಗ ಬಂದು ಬಾಗಿಲಲ್ಲಿ ನಿಂತಿದ್ದಳೋ, ಓಡಿ ಬಂದು ಅಪ್ಪನ ಕಾಲು ಹಿಡಿದುಕೊಂಡಳು. 'ತಗೀಬ್ಯಾಡ್ರಿ ಪಪ್ಪಾ! ಟಿವಿ ತಗೀಬ್ಯಾಡ್ರಿ!'

ಇಷ್ಟು ದಿನ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತೇ ಎಂದು ಮೈಯೆಲ್ಲ ಉರಿಯಿತು. 'ಇನ್ನೂ ಅದರ ಹುಚ್ಚು ಬಿಟ್ಟಿಲ್ಲೇನ ನಿನಗ?' ಎಂದು ಗದರಿದೆ.

'ನಾ ನೋಡಂಗಿಲ್ಲ ಮಮ್ಮಿ. ಖರೇನ ನೋಡಂಗಿಲ್ಲ.'

'ನೋಡಂಗಿಲ್ಲಂದ್ರ ಮತ್ಯಾಕ ಬೇಕು?'

ಅವಳು ಒಮ್ಮೆ ಟಿವಿಯನ್ನು, ಒಮ್ಮೆ ತನ್ನ ಮಂಚವನ್ನು ನೋಡಿದಳು. 'ನನ್ನ ಮತ್ತ ಇಲ್ಲೇ ಮಲಗಸ್ತೀರಲ್ಲ. ಅದೂ ಇಲ್ಲಂದ್ರ ಇಲ್ಲಿ ಯಾರಿರ್ತಾರ?'

ಅಪ್ಪನ ಕೈ ಸ್ಕ್ರೂವಿನ ಮೇಲೆಯೇ ನಿಂತಿತು. ಅವಳೇ ಮುಂದುವರಿಸಿದಳು, ತಪ್ಪು ಮಾಡಿದವಳಂತೆ ತಲೆ ತಗ್ಗಿಸಿ.

'ನೀ ಲೈಟ್ ಆರಿಸಿ ಹೋಗ್ತಿದ್ದೆಲ್ಲ, ಆಗ ಭಾಳ ಅಂಜಿಕಿ ಬರ್ತಿತ್ತು. ಟಿವ್ಯಾಗ ಗೊಂಬಿ ಮಾತಾಡಕೋತ ಇರ್ತಿದ್ವು. ನನಗ ಏನೂ ತಿಳೀತಿರಲಿಲ್ಲ. ಆದ್ರೂ ಯಾರೋ ಅದಾರ ಅಂತ ನಿದ್ದಿ ಬರ್ತಿತ್ತು.'

ನಾನು ಕುರ್ಚಿ ಬಿಟ್ಟು ಆ ಸಣ್ಣ ಮಂಚದ ಮೇಲೆ ಕುಳಿತುಬಿಟ್ಟೆ. ಡಾಕ್ಟರರು ಕೇಳಿದ್ದರು, ಅತ್ತೆ ಅಂದಿದ್ದರು, ನಾವಿಬ್ಬರೂ ಎಷ್ಟೆಲ್ಲ ಯೋಚಿಸಿದ್ದೆವು. ಮಗಳನ್ನು ಮಾತ್ರ ಯಾರೂ ಕೇಳಿರಲಿಲ್ಲ. ಅವಳು ಹತ್ತಿರ ಬಂದು ನನ್ನ ಮೊಣಕಾಲ ನಡುವೆ ನಿಂತಳು.

'ಮಮ್ಮಿ, ನಿನಗ ಒಬ್ಬಾಕೀನ ಮಲಗಾಕ ಬರ್ತೈತೇನ?'

ಬಾದಾಮಿಯ ಮಾಳಿಗೆಯಿಂದ ಈ ಮನೆಯ ಪಡಸಾಲೆಯವರೆಗೆ ನೆನೆದು ನೋಡಿದೆ. ಹುಟ್ಟಿದಾಗಿನಿಂದ ಅಂಥದೊಂದು ರಾತ್ರಿ ನೆನಪಿಗೆ ಬರಲಿಲ್ಲ.

'ಗೊತ್ತಿಲ್ಲವಾ' ಅಂದೆ. 'ನನ್ನ ಯಾರೂ ಒಬ್ಬಾಕಿನ್ನ ಬಿಟ್ಟೇ ಇಲ್ಲ.'